ಅರ್ಧ ಸೆಕೆಂಡಿನ ಸುಳಿವು

ಹೊರಗಿನಿಂದ ಲಾಗಿನ್ ಆಗಲೆಂದು ಮನೆಯ ಸರ್ವರಿನ 22ನೇ ಪೋರ್ಟ್ ತೆರೆದಿಟ್ಟವರು ಒಮ್ಮೆ ಲಾಗ್ ಫೈಲ್ ನೋಡಬೇಕು. ರೂಟ್, ಅಡ್ಮಿನ್, ಟೆಸ್ಟ್ ಎಂದು ಬಾಯಿಗೆ ಬಂದ ಹೆಸರು ಹೇಳಿಕೊಂಡು ಹಗಲಿರುಳೂ ಬಾಟ್‌ಗಳು ಬಂದು ಹೋಗಿರುತ್ತವೆ. ಪಾಸ್‌ವರ್ಡ್ ಬದಲು ಕೀ ಇಟ್ಟುಕೊಂಡವರು ಅದನ್ನು ನೋಡಿಯೂ ನೋಡದಂತೆ ಇದ್ದುಬಿಡುತ್ತಾರೆ. ಅಂಥ ಪುಡಿಗಳ್ಳರ ಕಾಟವೇ 2024ರ ಮಾರ್ಚ್‌ನಲ್ಲಿ ಒಬ್ಬ ದೊಡ್ಡ ಕಳ್ಳನನ್ನು ಹಿಡಿದುಕೊಟ್ಟಿತು.

ಮೈಕ್ರೋಸಾಫ್ಟ್‌ನಲ್ಲಿದ್ದುಕೊಂಡು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಕೆಲಸ ಮಾಡುವ ಆಂಡ್ರೆಸ್ ಫ್ರಾಯ್ಂಡ್ ಆಗ ವೇಗದ ಪರೀಕ್ಷೆ ನಡೆಸುತ್ತಿದ್ದರು. ಅಳತೆ ಸರಿಯಾಗಿ ಬರಬೇಕಾದರೆ ಯಂತ್ರ ಬೇರೇನೂ ಮಾಡದೆ ಸುಮ್ಮನಿರಬೇಕು. ಆದರೆ ಹೊರಗಿನ ಲಾಗಿನ್‌ಗಳನ್ನು ನೋಡಿಕೊಳ್ಳುವ ಎಸ್‌ಎಸ್‌ಎಚ್ ಸರ್ವರ್ ಯಾಕೋ ಸಿಪಿಯು ತಿನ್ನುತ್ತಿತ್ತು. ಬಂದ ಲಾಗಿನ್‌ಗಳೆಲ್ಲ ತಪ್ಪು ಹೆಸರಿನವು, ಕೂಡಲೇ ತಿರಸ್ಕೃತವಾಗುವಂಥವು. ಅವಕ್ಕೆ ಇಷ್ಟು ಶ್ರಮ ಏಕೆ? ಇಲ್ಲದ ಬಳಕೆದಾರನ ಹೆಸರಿನಲ್ಲಿ ತಾವೇ ಲಾಗಿನ್ ಮಾಡಿ ನೋಡಿದರು. ಮೊದಲು 0.299 ಸೆಕೆಂಡಿನಲ್ಲಿ ಬರುತ್ತಿದ್ದ 'ಇಲ್ಲ' ಎಂಬ ಉತ್ತರಕ್ಕೆ ಈಗ 0.807 ಸೆಕೆಂಡ್.

ಅರ್ಧ ಸೆಕೆಂಡ್ ತಾನೇ ಎಂದು ಬಹುಪಾಲು ಜನ ಬಿಟ್ಟುಬಿಡುತ್ತಿದ್ದರು. ಫ್ರಾಯ್ಂಡ್ ಬಿಡಲಿಲ್ಲ. ಆ ಹೊತ್ತೆಲ್ಲ ಲಿಬ್‌ಎಲ್‌ಜ಼ೆಡ್‌ಎಂಎ ಎಂಬ ಲೈಬ್ರರಿಯೊಳಗೆ ಕಳೆಯುತ್ತಿತ್ತು. ಅದರ ಕೆಲಸ ಫೈಲು ಕುಗ್ಗಿಸುವುದು. ಲಾಗಿನ್‌ಗೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ! ಮೇಲಾಗಿ, ಅಲ್ಲಿ ಓಡುತ್ತಿದ್ದ ಕೋಡ್ ಯಾವ ಫಂಕ್ಷನ್‌ನದೆಂದು ಹೇಳಲು ಪರೀಕ್ಷಾ ಸಾಧನಕ್ಕೂ ಆಗಲಿಲ್ಲ. ಕೆಲವು ವಾರಗಳ ಹಿಂದೆ, ಪ್ಯಾಕೇಜ್ ಅಪ್‌ಡೇಟ್ ಆದ ಮೇಲೆ, ವಾಲ್‌ಗ್ರೈಂಡ್ ಎಂಬ ತಪಾಸಣೆಯ ಸಾಧನ ವಿಚಿತ್ರವಾಗಿ ದೂರಿದ್ದು ಆಗ ನೆನಪಾಯಿತು.

ತಾವು ಬಳಸುತ್ತಿದ್ದ ಲಿನಕ್ಸ್ ವಿತರಣೆಯಾದ ಡೆಬಿಯನ್‌ನ ಪ್ಯಾಕೇಜನ್ನೇ ಯಾರೋ ಕೆಡಿಸಿದ್ದಾರೆ ಎಂಬುದು ಅವರ ಮೊದಲ ಗುಮಾನಿ. ಬಗೆದರೆ ಬೇರು ಮೂಲದಲ್ಲೇ ಇತ್ತು. ಈ ಲೈಬ್ರರಿ ಸೇರಿರುವ ಎಕ್ಸ್‌ಜ಼ೆಡ್ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಪರೀಕ್ಷೆಗೆಂದು ಇಟ್ಟ ಫೈಲುಗಳೊಳಗೆ, ಹಿಂಬಾಗಿಲೊಂದು ಅಡಗಿತ್ತು. ಅದನ್ನು ಬಿಚ್ಚಿ ಜೋಡಿಸುವ ಸಾಲುಗಳು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು. ಎಲ್ಲರೂ ಓದುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ಎಸ್‌ಎಸ್‌ಎಚ್ ಸರ್ವರನ್ನು ಒದಗಿಸುವ ಓಪನ್‌ಎಸ್‌ಎಸ್‌ಎಚ್ ಈ ಲೈಬ್ರರಿಯನ್ನು ನೇರವಾಗಿ ಬಳಸುವುದೇ ಇಲ್ಲ. ಡೆಬಿಯನ್‌ನಂಥವರು ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಗಾಗಿ ಹಾಕಿಕೊಂಡ ತೇಪೆಯ ಮೂಲಕ ಅದು ಒಳಬಂದಿತ್ತು. ನಿರ್ದಿಷ್ಟ ಖಾಸಗಿ ಕೀ ಇದ್ದವನು ಲಾಗಿನ್ ಇಲ್ಲದೆಯೇ ಆ ಯಂತ್ರಕ್ಕೆ ಆಜ್ಞೆ ಕೊಡಬಹುದಿತ್ತು.

ಈ ಹಿಂಬಾಗಿಲನ್ನು ಇಟ್ಟದ್ದು 'ಜಿಯಾ ತಾನ್' ಎಂಬ ಹೆಸರು. 2021ರಿಂದ ಒಳ್ಳೆಯವನಂತೆ ಕೋಡ್ ಕೊಡುತ್ತ, ಬಹುಕಾಲ ಒಬ್ಬರೇ ಹೊಣೆ ಹೊತ್ತಿದ್ದ ಫಿನ್ಲೆಂಡಿನ ಲಾಸ್ಸೆ ಕಾಲಿನ್ ಅವರ ನಂಬಿಕೆ ಗಳಿಸಿ, ಬಿಡುಗಡೆಯ ಹಕ್ಕನ್ನೇ ಪಡೆದದ್ದು. ನನಗೆ ಕೋಡಿಗಿಂತ ಈ ತಾಳ್ಮೆಯೇ ಹೆಚ್ಚು ಭಯ ಹುಟ್ಟಿಸುತ್ತದೆ.

ಇಷ್ಟು ನಾಜೂಕಿನವನು ಸಿಕ್ಕಿಬಿದ್ದದ್ದಾದರೂ ಹೇಗೆ? ಎಸ್‌ಎಸ್‌ಎಚ್ ಸರ್ವರ್ ಆಗ ಪ್ರತಿ ಸಂಪರ್ಕಕ್ಕೂ ತನ್ನನ್ನು ಹೊಸದಾಗಿ ಶುರುಮಾಡಿಕೊಳ್ಳುತ್ತಿತ್ತು. ಶುರುವಾದಾಗಲೆಲ್ಲ ಹಿಂಬಾಗಿಲಿನ ಕೋಡ್ ಮೆಮೊರಿಯಲ್ಲಿ ತನಗೆ ಬೇಕಾದ ವಿಳಾಸಗಳನ್ನು ತಡಕಾಡುತ್ತಿತ್ತು. ಬಾಟ್ ಬಂದು ತಪ್ಪು ಹೆಸರು ಹೇಳಿದರೂ ಆ ತಡಕಾಟ ತಪ್ಪುತ್ತಿರಲಿಲ್ಲ. ವಾಲ್‌ಗ್ರೈಂಡ್ ದೂರನ್ನು ಅವನು 5.6.1ರಲ್ಲಿ ಸರಿಪಡಿಸಿದ, ನಿಧಾನ ಮಾತ್ರ ಉಳಿಯಿತು.

ಮಾರ್ಚ್ 29ರಂದು ಫ್ರಾಯ್ಂಡ್ ಎಲ್ಲವನ್ನೂ ಬಹಿರಂಗಪಡಿಸಿದರು. ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ ಬಿತ್ತು. ಡೆಬಿಯನ್ ಹಳೆಯ 5.4.5ಕ್ಕೆ ಮರಳಿತು. ಪ್ಯಾಕೇಜ್ ಸಂಖ್ಯೆ ಹಿಂದಕ್ಕೆ ಹೋದರೆ ಅಪ್‌ಡೇಟ್ ಒಪ್ಪದು, ಹಾಗಾಗಿ ಸಂಖ್ಯೆಯ ಆರಂಭದಲ್ಲಿ 5.6.1 ಎಂದೇ ಬರೆಯಬೇಕಾಯಿತು.