ನೋಡುವ ಅಭ್ಯಾಸ

ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಅರ್ಜಿ ಹಿಡಿದು ಬೆಳಗಿನಿಂದ ಕುಳಿತ ರೈತನನ್ನು ದಾಟಿ ಒಳಗೆ ಹೋದ ಅಧಿಕಾರಿಗಳಲ್ಲಿ ಎಷ್ಟು ಮಂದಿ, ಅವನ ಕಾಲಲ್ಲಿ ಚಪ್ಪಲಿ ಇದ್ದಿತೇ ಇಲ್ಲವೇ ಎಂಬುದನ್ನು ಸಂಜೆ ಹೇಳಬಲ್ಲರು? ಅರ್ಜಿಯ ನಂಬರೂ ತಾರೀಖೂ ಅವರಿಗೆ ತಪ್ಪದೆ ನೆನಪಿರುತ್ತವೆ. ಇದನ್ನು ಅಧಿಕಾರಿವರ್ಗದ ಮೇಲಣ ದೂರೆಂದು ವಾಚಕರು ಎಣಿಸಬಾರದು. ಪತ್ರಿಕಾವೃತ್ತಿಯ ನಾವೂ ಊರ ಸಂಗತಿಗಳನ್ನು ಮೇಜಿನ ಮುಂದೆ ಕುಳಿತೇ ಬರೆಯುವುದು ಹೆಚ್ಚು. ನೋಡುವುದನ್ನೂ ಕಲಿಯಬೇಕಾಗಿದೆಯೆಂಬುದು ವಿದ್ಯಾವಂತರೆನಿಸಿದವರಿಗೆ ಸಾಮಾನ್ಯವಾಗಿ ತೋರುವುದಿಲ್ಲ.

ಗಾಂಧೀಜಿಯವರೂ ಇದನ್ನು ಕಲಿತೇ ಪಡೆದರು. ಬಿಹಾರದ ಚಂಪಾರಣ್ಯದ ಹೆಸರನ್ನೇ ತಾವು ಮೊದಲು ಅರಿತಿರಲಿಲ್ಲವೆಂದೂ, ನೀಲಿಯ ಪೊಟ್ಟಣಗಳನ್ನು ಕಂಡಿದ್ದರೂ ಅವುಗಳ ಹಿಂದೆ ಸಾವಿರಾರು ರೈತರ ಸಂಕಟವಿರುವುದನ್ನು ಊಹಿಸಿರಲಿಲ್ಲವೆಂದೂ ಅವರು ಆತ್ಮಕಥೆಯಲ್ಲಿ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾರೆ. ಅಲ್ಲಿಯ ರೈತನು ತನ್ನ ಸಾಗುವಳಿಯ ಪ್ರತಿ 20 ಕಟ್ಠಾ ಭೂಮಿಯಲ್ಲಿ 3 ಕಟ್ಠಾದಷ್ಟನ್ನು ಬಿಳಿಯ ತೋಟದ ದೊರೆಗಾಗಿ ನೀಲಿ ಬೆಳೆಯಲು ಬಿಡಬೇಕಾಗಿದ್ದಿತು. ಇದೇ ತೀನ್‌ಕಠಿಯಾ ಪದ್ಧತಿ. ಜರ್ಮನಿಯ ಕೃತಕ ನೀಲಿ ಪೇಟೆಗೆ ಬಂದು ಬೆಲೆ ಕುಸಿದ ಮೇಲೆ ದೊರೆಗಳು, ಈ ಕಟ್ಟಿನಿಂದ ಬಿಡುಗಡೆ ಕೊಡುವೆವೆಂಬ ನೆಪದಲ್ಲಿ, ಹೆಚ್ಚಿನ ಗೇಣಿಯನ್ನೋ ಇಡಿಗಂಟನ್ನೋ ರೈತರಿಂದಲೇ ಕಿತ್ತುಕೊಂಡರು. ನಷ್ಟ ಯಾರದು, ತೆತ್ತವರು ಯಾರು!

1917ರ ಏಪ್ರಿಲ್‌ನಲ್ಲಿ ಮೋತಿಹಾರಿಗೆ ಹೋದ ಗಾಂಧೀಜಿಯವರು ಭಾಷಣಗಳನ್ನು ಬದಿಗಿಟ್ಟು, ವಕೀಲರನ್ನು ಕೂರಿಸಿ ಒಬ್ಬೊಬ್ಬ ರೈತನ ಹೇಳಿಕೆಯನ್ನು ಬರೆಯಿಸಿದರು. ಪಾಟೀಸವಾಲಿಗೆ ನಿಲ್ಲದ ಹೇಳಿಕೆಯನ್ನು ಕೈಬಿಡಬೇಕೆಂಬುದು ನಿಯಮ. ನೊಂದವನೆಂಬ ಕನಿಕರಕ್ಕೂ ಅದು ಸಡಿಲಲಿಲ್ಲ. ಗುಪ್ತ ಪೊಲೀಸರು ಎದುರಿಗೇ ಇದ್ದರು. ದೊರೆಗಳ ಬಳಿಗೂ ಹೋಗಿ ಅವರ ಮಾತನ್ನು ಕೇಳಿದುದುಂಟು. ಆ ವರ್ಷವೇ ಸರ್ಕಾರವು ವಿಚಾರಣಾ ಸಮಿತಿಯೊಂದನ್ನು ನೇಮಿಸಿ ಗಾಂಧೀಜಿಯವರನ್ನೂ ಅದರ ಸದಸ್ಯರನ್ನಾಗಿ ಮಾಡಿತು. 1918ರ ಕಾಯಿದೆಯಿಂದ ತೀನ್‌ಕಠಿಯಾ ಅಳಿಯಿತು.

ಆದರೆ ನಮ್ಮ ಮನಸ್ಸಿನಲ್ಲಿ ಹೆಚ್ಚು ನಿಂತಿರುವುದು ಅದೇ ಸೀಮೆಯ ಸಣ್ಣದೊಂದು ಸಂಗತಿ. ಭಿತಿಹರ್ವಾ ಎಂಬ ಊರಿನ ಸಮೀಪದ ಹಳ್ಳಿಯಲ್ಲಿ ಕೆಲವು ಹೆಂಗಸರ ಬಟ್ಟೆ ಬಹಳ ಕೊಳೆಯಾಗಿದ್ದುದನ್ನು ಕಂಡು, ಅವರೇಕೆ ಒಗೆಯುವುದಿಲ್ಲವೆಂದು ವಿಚಾರಿಸುವಂತೆ ಗಾಂಧೀಜಿಯವರು ಕಸ್ತೂರಬಾ ಅವರಿಗೆ ಹೇಳಿದರು. ಅವರಲ್ಲೊಬ್ಬಳು ಕಸ್ತೂರಬಾ ಅವರನ್ನು ತನ್ನ ಗುಡಿಸಲೊಳಕ್ಕೆ ಕರೆದೊಯ್ದು ತೋರಿಸಿದಳು. ಅಲ್ಲಿ ಪೆಟ್ಟಿಗೆಯೂ ಇಲ್ಲ, ಬೇರೆ ಬಟ್ಟೆಯೂ ಇಲ್ಲ. ಉಟ್ಟ ಸೀರೆಯೊಂದೇ ಅವಳಿಗಿದ್ದುದು. ಅದನ್ನು ಬಿಚ್ಚಿ ಒಗೆಯುವುದಾದರೂ ಹೇಗೆ?

ನಮ್ಮಂಥವರಾಗಿದ್ದರೆ ಗುಡಿಸಲಿನ ಹೊರಗಿನಿಂದಲೇ ಹಿಂದಿರುಗಿ, ಹಳ್ಳಿಗರ ಅಶುಚಿಯ ಮೇಲೊಂದು ಲೇಖನ ಬರೆಯುತ್ತಿದ್ದೆವು. ಕೊಳೆಯನ್ನು ಕಂಡದ್ದು ಕಣ್ಣು. ಸೋಮಾರಿತನವೆಂದು ತೀರ್ಪಿತ್ತದ್ದು ಮನಸ್ಸು. ಎರಡೂ ಒಂದೇ ಗಳಿಗೆಯಲ್ಲಿ ನಡೆದುಹೋಗುವುದರಿಂದ ಆ ತೀರ್ಪನ್ನೂ ಕಣ್ಣಾರೆ ಕಂಡೆವೆಂದೇ ನಂಬಿಬಿಡುತ್ತೇವೆ. ಪಾಟೀಸವಾಲನ್ನು ರೈತನಿಗೆ ಹಾಕುವಷ್ಟೇ ಶ್ರದ್ಧೆಯಿಂದ ನಮ್ಮ ಮನಸ್ಸಿಗೂ ಹಾಕಿಕೊಳ್ಳುವವರು ವಿರಳ.

ಬೇಕಾದ ಕಾಗದ ತಾರದೆ ಬಂದ ಮುದುಕಿಯನ್ನು ನಾಳೆ ಬಾ ಎಂದು ಕಳುಹಿಸುವ ಮುನ್ನ, ಅವಳು ಯಾವ ಊರಿನಿಂದ ಬಂದಳು, ಆ ಊರಿಗೆ ದಿನಕ್ಕೆ ಎಷ್ಟು ಬಸ್ಸು, ಇಂದಿನ ಕೂಲಿ ಎಷ್ಟು ಹೋಯಿತು ಎಂದು ನಮ್ಮ ಗುಮಾಸ್ತ ಮಿತ್ರರು ಒಮ್ಮೆ ಕೇಳಲಿ. ಆ ಉತ್ತರವನ್ನೂ ಕಡತದ ಅಂಚಿನಲ್ಲಿ ಬರೆದಿಡಲಿ.