ಒಂದರ ಬದಲು ಎರಡು ಮರಿ: ಲಸಿಕೆಗೆ ಇನ್ನೊಂದು ಕೆಲಸ

ಲಸಿಕೆ ಎಂದೊಡನೆ ನೆನಪಾಗುವುದು ರೋಗ. ಮಕ್ಕಳಿಗೆ ಪೋಲಿಯೊ ಹನಿ, ಹಸುವಿಗೆ ಕಾಲುಬಾಯಿ ಜ್ವರದ ಚುಚ್ಚುಮದ್ದು. ಆದರೆ ರೋಗವೇ ಇಲ್ಲದ ಕುರಿಗೆ, ಹೆಚ್ಚು ಮರಿ ಹಾಕಲಿ ಎಂದು ಲಸಿಕೆ ಕೊಟ್ಟವರೂ ಇದ್ದಾರೆ! ಭಟ್ಕಳ, ಹೊನ್ನಾವರ, ಕುಮಟಾ ಕಡೆ ಒಂದೆರಡು ಆಡು ಸಾಕಿಕೊಂಡ ಮನೆಗೆ ಇದು ಸಣ್ಣ ಸುದ್ದಿಯಲ್ಲ. ಒಂದರ ಬದಲು ಎರಡು ಮರಿ ಹುಟ್ಟಿ ಬದುಕಿದರೆ ಮನೆಯ ಖರ್ಚಿಗೆ ಒಂದು ಆಸರೆ.

ಬ್ರೇಕ್ ಎಲ್ಲಿದೆ?

ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯಿದೆ. ಅದು ಎಫ್‌ಎಸ್‌ಎಚ್ ಎಂಬ ಹಾರ್ಮೋನು ಕಳಿಸಿ ಅಂಡಾಶಯಕ್ಕೆ ‘ಅಂಡ ಬೆಳೆಸು’ ಎನ್ನುತ್ತದೆ. ಅಂಡ ಬೆಳೆಯುತ್ತಿದ್ದಂತೆ ಅಂಡಾಶಯ ‘ಇನ್ನು ಸಾಕು’ ಎಂದು ಉತ್ತರ ಕಳಿಸುತ್ತದೆ. ಆ ಉತ್ತರವೇ ಇನ್ಹಿಬಿನ್ ಎಂಬ ಹಾರ್ಮೋನು. ಇದೊಂದು ಬ್ರೇಕ್ ಇದ್ದಂತೆ.

ಇನ್ಹಿಬಿನ್ ದೇಹದ್ದೇ ಸ್ವತ್ತು. ಹಾಗಾಗಿ ದೇಹದ ಕಾವಲುಗಾರರು ಅದರ ತಂಟೆಗೆ ಹೋಗುವುದಿಲ್ಲ. ವಿಜ್ಞಾನಿಗಳು ಅದರ ಚಿಕ್ಕ ತುಣುಕನ್ನು ಹೊರಗಿನ ದೊಡ್ಡ ಪ್ರೋಟೀನಿಗೆ ಅಂಟಿಸಿ ಚುಚ್ಚುತ್ತಾರೆ. ಕಾವಲುಗಾರರು ಅದನ್ನು ಪರಕೀಯನೆಂದು ತಿಳಿದು ಪ್ರತಿಕಾಯಗಳನ್ನು ತಯಾರಿಸುತ್ತಾರೆ. ಅವು ದೇಹದ ಇನ್ಹಿಬಿನ್ನನ್ನೂ ಹಿಡಿಯುತ್ತವೆ. ಬ್ರೇಕ್ ಸಡಿಲವಾಗುತ್ತದೆ, ಒಂದು ಅಂಡ ಬಲಿಯುವ ಕಡೆ ಎರಡು ಬಲಿಯಬಹುದು.

1983ರಲ್ಲಿ ಆಸ್ಟ್ರೇಲಿಯಾದಲ್ಲಿ ‘ಫೆಕಂಡಿನ್’ ಎಂಬ ಲಸಿಕೆ ಕುರಿಗಳಿಗಾಗಿ ಮಾರುಕಟ್ಟೆಗೆ ಬಂತು. ಅದು ಹಿಡಿದದ್ದು ಆಂಡ್ರೋಸ್ಟೆನಿಡಯೋನ್ ಎಂಬ ಬೇರೊಂದು ಹಾರ್ಮೋನನ್ನು; ಉದ್ದೇಶ ಮಾತ್ರ ಇದೇ, ಅವಳಿ ಮರಿ. ಇನ್ಹಿಬಿನ್ ಕುರಿತ ಸಂಶೋಧನೆ ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲೂ ನಡೆದಿದೆ.

ಹಸುವಿಗೂ ಕೊಡಬಹುದಲ್ಲ?

ಮಕ್ಕಳು ಹೀಗೆ ಕೇಳಿದರೆ ಅಜ್ಜಂದಿರು ತಲೆಯಾಡಿಸುತ್ತಾರೆ. ಹಸುವಿನ ಗರ್ಭದಲ್ಲಿ ಗಂಡು ಮತ್ತು ಹೆಣ್ಣು ಕರು ಒಟ್ಟಿಗೆ ಬೆಳೆದರೆ ಎರಡರ ರಕ್ತವೂ ಬೆರೆಯುತ್ತದೆ. ಗಂಡಿನ ಹಾರ್ಮೋನುಗಳ ಪ್ರಭಾವದಿಂದ ಹೆಣ್ಣು ಕರು ಹತ್ತರಲ್ಲಿ ಒಂಬತ್ತು ಸಲ ಗೊಡ್ಡಾಗುತ್ತದೆ. ನಮ್ಮ ಪುಟ್ಟ ಮಲೆನಾಡು ಗಿಡ್ಡ ಹಸುವಿಗೆ ಅವಳಿ ಹೊರುವುದೂ ಹೆರುವುದೂ ಕಷ್ಟ. ಅದಕ್ಕೆ ವರ್ಷಕ್ಕೊಂದು ಗಟ್ಟಿ ಕರುವೇ ಭಾಗ್ಯ.

ಆಡಿನ ಲೆಕ್ಕ ಬೇರೆ. ಅದಕ್ಕೆ ಅವಳಿ ಸಹಜ. ಆದರೆ ಅದಕ್ಕಿರುವ ಮೊಲೆ ಎರಡೇ! ಮೂರನೆಯ ಮರಿ ಹುಟ್ಟಿದರೆ ಯಾರಾದರೊಬ್ಬರು ಬಾಟಲಿ ಹಿಡಿದು ಹಾಲೂಡಿಸಬೇಕು. ಅವಳಿ ಮರಿಗಳು ಚಿಕ್ಕದಾಗಿ ಹುಟ್ಟುತ್ತವೆ; ಕರಾವಳಿಯ ಮಳೆಗಾಲದ ತಂಡಿಯಲ್ಲಿ ಬೇಗ ನಡುಗುತ್ತವೆ. ಲಸಿಕೆ ಮರಿಯನ್ನು ಹೆಚ್ಚಿಸೀತು, ತಾಯಿಯ ಹಾಲನ್ನಲ್ಲ.

ಲಸಿಕೆಯಿಲ್ಲದೆಯೂ ಒಂದು ಉಪಾಯವುಂಟು. ಬೆದೆಗೆ ಬರುವ ಎರಡು ಮೂರು ವಾರ ಮೊದಲಿನಿಂದ ಬಡಕಲು ಆಡಿಗೆ ಚೆನ್ನಾಗಿ ತಿನ್ನಿಸಿದರೆ ಅವಳಿಯ ಸಾಧ್ಯತೆ ಹೆಚ್ಚುತ್ತದೆ. ಹಲಸಿನ ಸೊಪ್ಪಿನ ಜೊತೆಗೆ ಸ್ವಲ್ಪ ಹಿಂಡಿ, ತೌಡು ಸಾಕು. ಆಡು ಗಬ್ಬವಾಗಿರುವುದು ಸುಮಾರು 150 ದಿನ. ಮಕ್ಕಳೇ, ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮರಿ ಹುಟ್ಟಿದ ಮೊದಲ ಗಂಟೆಯಲ್ಲೇ ಗಿಣ್ಣುಹಾಲು ಕುಡಿಸುವುದನ್ನು ಅಜ್ಜಿಯಿಂದ ಕಲಿಯಿರಿ.