ಅನುವಾದ ಕಳುಹಿಸಿದವರಿಗೆ ಒಂದು ಉತ್ತರ

ನಿವೃತ್ತಿಯ ಬಳಿಕ ಉಪಯುಕ್ತವಾದುದೇನನ್ನಾದರೂ ಮಾಡಬೇಕೆಂಬ ಹಂಬಲದಿಂದ, ಮುಕ್ತ ತಂತ್ರಾಂಶವೊಂದರ ಕೈಪಿಡಿಯ ಒಂದು ಅಧ್ಯಾಯವನ್ನು ಕನ್ನಡಕ್ಕೆ ಅನುವಾದಿಸಿ ಕಳುಹಿಸಿದೆ. ಮೂರು ವಾರಗಳ ದುಡಿಮೆ. ಐದು ತಿಂಗಳು ಕಳೆದರೂ ಸ್ವೀಕೃತಿಯೂ ಇಲ್ಲ, ತಿರಸ್ಕಾರವೂ ಇಲ್ಲ. ಕಡತಗಳು ಮೇಜಿನಿಂದ ಮೇಜಿಗೆ ಸಾಗುವ ವೇಗವನ್ನು ಮೂರು ದಶಕ ಕಂಡವನಿಗೆ ಇದು ಹೊಸತಲ್ಲ. ಆದರೆ ಅಲ್ಲಿ ಸಂಬಳವಾದರೂ ಬರುತ್ತಿತ್ತು.

ಸಂಬಳವಿಲ್ಲದ ದುಡಿಮೆಗೂ ವೆಚ್ಚವಿದೆಯೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ನಾನು ಕಂಡಂತೆ ಕೊರತೆಯಿರುವುದು ಸ್ವಯಂಸೇವಕರದ್ದಲ್ಲ, ಅವರು ಬರೆದುದನ್ನು ಓದಿ ತಿದ್ದುವವರದು.

ಲಿಬ್ರೆ ಆಫೀಸನ್ನೇ ತೆಗೆದುಕೊಳ್ಳಿ. ಓಪನ್ ಆಫೀಸ್‌ನಿಂದ ಕವಲೊಡೆದು 2010ರಲ್ಲಿ ಆರಂಭವಾದ ಈ ತಂತ್ರಾಂಶದ ಪರದೆಯ ಪದಗಳನ್ನೂ ಸಹಾಯ ಪುಟಗಳನ್ನೂ ವೆಬ್‌ಲೇಟ್ ಎಂಬ ವ್ಯವಸ್ಥೆಯ ಮೂಲಕ ಅನುವಾದಿಸಲಾಗುತ್ತದೆ. ಇಂಗ್ಲಿಷ್ ವಾಕ್ಯದ ಕೆಳಗೊಂದು ಖಾಲಿ ಚೌಕ. ಅದರಲ್ಲಿ ಕನ್ನಡ ತುಂಬಬೇಕು. ನೋಡಲು ಇಷ್ಟೇ.

ಕಳೆದ ವರ್ಷದಿಂದ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಭಾನುವಾರಗಳಂದು ನಾಲ್ಕಾರು ಮಂದಿ ಈ ಕೆಲಸಕ್ಕೆಂದು ಸೇರುತ್ತೇವೆ. ನಿವೃತ್ತ ಕನ್ನಡ ಅಧ್ಯಾಪಕಿಯೊಬ್ಬರು ‘ಸೇವ್’ ಎಂಬುದಕ್ಕೆ ‘ರಕ್ಷಿಸು’ ಎಂದು ಬರೆದರು. ಪದವೇನೋ ತಪ್ಪಲ್ಲ. ಆದರೆ ಪರದೆಯಲ್ಲಿ ‘ಉಳಿಸು’ ಎಂದಿದ್ದರೆ, ಕೈಪಿಡಿ ಓದಿದವನು ಇಲ್ಲದ ‘ರಕ್ಷಿಸು’ವನ್ನು ಹುಡುಕುತ್ತ ಕುಳಿತಿರಬೇಕಾಗುತ್ತದೆ. ಮತ್ತೊಂದು ಸಂದೇಶದಲ್ಲಿ ‘%1’ ಎಂಬ ಗುರುತಿತ್ತು. ಆ ಜಾಗದಲ್ಲಿ ಗಣಕವು ಕಡತದ ಹೆಸರನ್ನು ತಾನೇ ತುಂಬುತ್ತದೆ. ಗುರುತನ್ನು ಕೈಬಿಟ್ಟರೆ ಹೆಸರೇ ಕಾಣದು. ಯಾವ ಹೆಸರು ಬರುವುದೋ ತಿಳಿಯದೆ ವಿಭಕ್ತಿ ಪ್ರತ್ಯಯವನ್ನು ಹಚ್ಚುವುದೆಂತು? ನಮ್ಮ ಗುಂಪಿನ ತಂತ್ರಜ್ಞರು ತಲೆ ಕೆರೆದುಕೊಳ್ಳುತ್ತಿದ್ದಾಗ ಅವರು ಬರೆದರು: ‘%1 ಎಂಬ ಕಡತವನ್ನು ಅಳಿಸಬೇಕೆ?’ ಹೆಸರು ಯಾವುದೇ ಬರಲಿ, ಪ್ರತ್ಯಯವು ‘ಕಡತ’ಕ್ಕೆ ಅಂಟಿಕೊಂಡಿತು. (ಕಪ್ಪು ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಡತ, ಸರ್ಕಾರಿ ಕಚೇರಿಯನ್ನು ಹಾದು ಗಣಕದವರೆಗೆ ಬಂದಿರುವುದು ನನಗಂತೂ ಸಂತೋಷದ ಸಂಗತಿ.)

ಇಂಥ ಸಂಗತಿಗಳನ್ನು ನಿಯಮಾವಳಿ ಹಂಚಿ ಕಲಿಸಲಾಗದು. ಹೊಸಬರ ಕೈಗೆ ಇಡೀ ಅಧ್ಯಾಯವನ್ನು ಒಪ್ಪಿಸುವುದು ಉದಾರತೆಯಲ್ಲ, ಉಪೇಕ್ಷೆ. ಮೊದಲೊಂದು ವಾರ ಅವರು ತಂತ್ರಾಂಶವನ್ನು ಕನ್ನಡದಲ್ಲೇ ಬಳಸಲಿ. ಬಳಿಕ ಹತ್ತು ವಾಕ್ಯಗಳು ಸಾಕು. ಆದರೆ ಆ ಹತ್ತಕ್ಕೆ ವಾರದೊಳಗೆ ಉತ್ತರ ಹೋಗಬೇಕು, ತಿದ್ದಿದ ಪದದ ಪಕ್ಕದಲ್ಲಿ ಕಾರಣವೂ ಇರಬೇಕು. ‘ರಕ್ಷಿಸು’ವನ್ನು ಕಾರಣ ಹೇಳದೆ ಹೊಡೆದುಹಾಕಿದ್ದರೆ ಆ ಅಧ್ಯಾಪಕಿ ಮರುವಾರ ಬರುತ್ತಿರಲಿಲ್ಲ, ಇದನ್ನು ಅವರೇ ನನಗೆ ಹೇಳಿದ್ದಾರೆ.

ಈಗ ಅವರು ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ವಾಕ್ಯಗಳನ್ನು ತಿದ್ದುತ್ತಾರೆ. ನನ್ನ ಆ ಹಳೆಯ ಅಧ್ಯಾಯವನ್ನೂ ಕೇಳಿ ಪಡೆದಿದ್ದಾರೆ. ಕಳೆದ ಭಾನುವಾರ ನಾಲ್ಕನೆಯ ಪುಟದಲ್ಲಿದ್ದರು. ಕೆಂಪು ಗುರುತುಗಳು ಸಾಕಷ್ಟಿದ್ದವು.